ಐದು ಸೆಕೆಂಡಿನ ಬೀಗ

ಐದು ಸೆಕೆಂಡು. ಅಷ್ಟು ಹೊತ್ತು ಕಾದು, ಬೀಗ ಸಿಗದಿದ್ದರೆ ಹೊರಟುಬಿಡು ಎಂದು ಪ್ರೋಗ್ರಾಂನಲ್ಲಿ ನಾನೇ ಬರೆದಿದ್ದೆ. ಹತ್ತು ಎಂದು ಬರೆಯುವಷ್ಟು ತಾಳ್ಮೆ ನನಗಿಲ್ಲ. ಕೋಡಿಬಾಗದ ನಮ್ಮ ಮನೆಯಲ್ಲಿ ಬಚ್ಚಲಿನ ಬಾಗಿಲನ್ನು ಎರಡು ಸಲ ಬಡಿದು, ಬೇಸರ ಬಂದು ಹೋಗಿಬಿಡುವವಳು ನಾನು. ಅಪ್ಪ ಗಡಬಡಿಸಿ, ಕಿವಿಯಲ್ಲಿ ಸೋಪು ಇರುವಂತೆಯೇ ಹೊರಬಂದರೆ ಬಾಗಿಲಲ್ಲಿ ಯಾರೂ ಇರುವುದಿಲ್ಲ.

ಅಂಕೋಲೆಯ ಐಸ್ ಫ್ಯಾಕ್ಟರಿಯೊಂದಕ್ಕೆ, ಮೊಬೈಲಿನಲ್ಲೇ ಐಸು ಕಾದಿರಿಸುವ ಪ್ರೋಗ್ರಾಂ ಬರೆದುಕೊಟ್ಟಿದ್ದೆ. ಒಂದೇ ಪೆಟ್ಟಿಗೆಯನ್ನು ಇಬ್ಬರಿಗೆ ಕೊಡಬಾರದಲ್ಲ, ಅದಕ್ಕೇ ಬೀಗ. ಬೀಗ ಸಿಕ್ಕ ಒಬ್ಬರು ಒಳಗಿದ್ದಾಗ ಉಳಿದವರು ಹೊರಗೆ. ಆದರೆ ಈ ಬಗೆಯ ಪ್ರೋಗ್ರಾಂ ನಮ್ಮ ಹಾಗೆ ಕಾಲು ಕುಣಿಸುತ್ತ ಕಾಯುವುದಿಲ್ಲ. ಒಬ್ಬರು ಕಾಯುತ್ತಿರುವಾಗ ಇನ್ನೊಬ್ಬರ ಕೆಲಸ ನೋಡಿಕೊಳ್ಳುತ್ತದೆ. ಅದರ ಈ ಗುಣದ ಮೇಲೆ ನನಗೆ ಹೊಟ್ಟೆಕಿಚ್ಚು.

ನನ್ನ ಪ್ರೋಗ್ರಾಂ ಅನ್ನು ಮೊದಲು ನಂಬಿದವಳು ಭಾವಿಕೇರಿಯಲ್ಲಿ ಮೀನು ಮಾರುವ ನನ್ನ ದೊಡ್ಡಮ್ಮ. ಮೊನ್ನೆ ಸಂಜೆ ಫೋನು ಮಾಡಿದಳು.

"ಮಗಾ, ನಿನ್ನ ಮೊಬೈಲು ಹೂಂ ಅಂತು, ಫ್ಯಾಕ್ಟರಿಯವ ಉಹೂಂ ಅಂದ. ಕಡೇ ಪೆಟ್ಟಿಗೆ ಬೇರೆಯವಳಿಗೆ ಕೊಟ್ಟಾಗಿತ್ತು. ಬಂಗಡೆ ಎಲ್ಲ ಮೆತ್ತಗಾತು. ಉಪ್ಪು ಹಾಕಿ ಒಣಗ್ಸೂಕೆ ಇಟ್ಟೆ."

"ತಪ್ಪು ಎಲ್ಲಾಯ್ತು ನೋಡ್ತೆ, ದೊಡ್ಡಮ್ಮ."

"ನೋಡು. ನಾಳೆ ನಾನು ಬುಟ್ಟಿನೇ ಇಡ್ತೆ."

ಫ್ಯಾಕ್ಟರಿಯ ಎದುರು ಹೆಂಗಸರು ಸರತಿಗೆ ಬುಟ್ಟಿ ಇಟ್ಟು, ತಾವು ನೆರಳಲ್ಲಿ ಕೂತು ಹರಟುತ್ತಾರೆ. ಕಾದು ಬೇಸತ್ತವರು ಏನು ಮಾಡುತ್ತಾರೆ ಎಂದು ಸುಮ್ಮನೆ ಕೇಳಿದೆ.

"ಬುಟ್ಟಿ ತಕಂಡು ಮನೆಗೆ ಹೋಗೂದು. ಮತ್ತೇನು, ಮುಂದಿದ್ದವಳ ಬುಟ್ಟಿ ಎತ್ತಿ ಬಿಸಾಡಿ ಹೋಗೂದಾ? ಓದ್ದೋಳು ಹೌದಾ ನೀನು?"

ನಾನು ಮಾಡಿದ್ದು ಅದನ್ನೇ. ಹೋಗುವವರೆಲ್ಲ ಬೀಗ ತೆಗೆದು ಹೋಗಬೇಕು ಎಂದು ಬರೆದಿದ್ದೆ; ಒಳಗೇ ಹೋಗದೆ, ಐದು ಸೆಕೆಂಡು ಕಾದು ಸೋತವರೂ ಕೂಡ. ಹಾಗೆ ಯಾರೋ ಒಬ್ಬರು ಹೊರಡುವಾಗ ಒಳಗಿದ್ದವರ ಬೀಗ ತೆರೆದುಕೊಂಡಿತು. ಅದೇ ಗಳಿಗೆಗೆ ದೊಡ್ಡಮ್ಮನೂ ಒಳಹೊಕ್ಕಳು; ಒಂದೇ ಪೆಟ್ಟಿಗೆಗೆ ಇಬ್ಬರಿಗೂ ಹೂಂ ಸಿಕ್ಕಿತು. ಅಪ್ಪನ ಕಿವಿಯ ಸೋಪು ನೆನಪಾಯಿತು. ಕಾಯಲಾರದವರು ಹೋಗಲಿ, ಅದು ತಪ್ಪಲ್ಲ. ಹೋಗುವಾಗ ಕೈ ತಮ್ಮ ಬುಟ್ಟಿಯ ಮೇಲಷ್ಟೇ ಇರಬೇಕು.

ಎರಡು ಸಾಲು ಸರಿಸಿದೆ. ಬೀಗ ಸಿಕ್ಕವರು ಮಾತ್ರ ಬೀಗ ತೆಗೆಯುವುದು. ಪರೀಕ್ಷಿಸಿದೆ, ಮತ್ತೆ ಪರೀಕ್ಷಿಸಿದೆ. ಆದರೂ ಕುರ್ಚಿಯಲ್ಲಿ ಕೂರಲಾಗಲಿಲ್ಲ.

ಮರುದಿನ ಬೆಳಿಗ್ಗೆ ಅಪ್ಪ ಸ್ನಾನ ಮುಗಿಸುವವರೆಗೂ ಬಾಗಿಲು ಬಡಿಯಲಿಲ್ಲ. ಆಮೇಲೆ ಅಂಕೋಲೆಯ ಬಸ್ಸು ಹತ್ತಿದೆ. ದಾರಿಯಲ್ಲಿ, ಅರ್ಗಾದಲ್ಲಿ, ಅದು ವಾಹನಗಳ ಸಾಲಿನಲ್ಲಿ ನಿಂತೇ ನಿಂತಿತು. ನಾನು ಇಳಿದು ನಡೆಯಲಿಲ್ಲ. ಫ್ಯಾಕ್ಟರಿ ತಲುಪಿದಾಗ ದೊಡ್ಡಮ್ಮ ಮೊಬೈಲಿನಲ್ಲಿ ಐಸು ಕಾದಿರಿಸಿದ್ದಳು, ಬುಟ್ಟಿಯನ್ನೂ ಇಟ್ಟಿದ್ದಳು. ನಾನು ಬುಟ್ಟಿಯ ಪಕ್ಕ ನಿಂತೆ, ಐಸಿನ ಪೆಟ್ಟಿಗೆ ಅವಳ ಕೈಗೆ ಬರುವವರೆಗೂ.