ಅವಳ ಮಧ್ಯಾಹ್ನದ ಕರೆ

ಒಂಬತ್ತನೇ ಕ್ಲಾಸಿನಲ್ಲಿ ನನಗೆ ಹೊಟ್ಟೆಕಿಚ್ಚು ಹತ್ತಿಸಿದ್ದು ಗುಂಡಿ ಒತ್ತುವ ಒಂದು ಹಳೇ ಫೋನು. ನನ್ನದೋ, ಅಪ್ಪ ಚಳ್ಳಕೆರೆಯಿಂದ ತಂದುಕೊಟ್ಟ ಹೊಸ ಟಚ್ ಫೋನು. ಫೋನು ತಂದವರು ಬೆಳಗ್ಗೆ ಪ್ರಾರ್ಥನೆಗೆ ಮುಂಚೆ ಅದನ್ನು ಆಫೀಸಿನ ಬೀರುವಿನಲ್ಲಿ ಇಡಬೇಕು, ಸಂಜೆ ತೆಗೆದುಕೊಳ್ಳಬೇಕು ಎಂಬುದು ನಮ್ಮ ಶಾಲೆಯ ನಿಯಮ. ನನ್ನದು ಸಂಜೆಯವರೆಗೂ ಅಲ್ಲೇ ಬಿದ್ದಿರುತ್ತಿತ್ತು. ಅವಳದು ಮಾತ್ರ ಊಟದ ಬೆಲ್ ಹೊಡೆದೊಡನೆ ಹೊರಗೆ ಬರುತ್ತಿತ್ತು.

ಅವಳು ನನ್ನ ಬೆಂಚಿನವಳೇ, ಕುರಿಯವರ ಹುಡುಗಿ. ಪರಶುರಾಂಪುರದ ಸುತ್ತ ಶೇಂಗಾ ಕಿತ್ತ ಮೇಲೆ ರೈತರು ಗೊಬ್ಬರಕ್ಕೆಂದು ತಮ್ಮ ಹೊಲಗಳಲ್ಲಿ ಕುರಿ ಮಂದೆ ನಿಲ್ಲಿಸಿಕೊಳ್ಳುತ್ತಾರೆ. ಇವತ್ತು ಒಬ್ಬರ ಹೊಲ, ನಾಳೆ ಇನ್ನೊಬ್ಬರದು. ಮಂದೆ ಎಲ್ಲಿ ನಿಂತರೆ ಅವಳ ಮನೆ ಅಲ್ಲೇ. ಯಾರ ಹೊಲ ಎಂಬುದು ಮಧ್ಯಾಹ್ನದ ಹೊತ್ತಿಗಷ್ಟೇ ತೀರ್ಮಾನವಾಗುತ್ತಿತ್ತು. ಅದಕ್ಕೇ ಹೆಡ್ ಮೇಡಂ ಅವಳೊಬ್ಬಳಿಗೆ ಒಂದು ಕರೆ ಮಾಡಲು ಬಿಟ್ಟಿದ್ದರು.

ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿದ್ದ ಮಾತ್ರಕ್ಕೆ ಹೊಟ್ಟೆ ಉರಿಯುವುದು ನಿಲ್ಲುತ್ತದೆಯೇ? ನಾವೆಲ್ಲ ಬಿಸಿಯೂಟಕ್ಕೆ ತಟ್ಟೆ ಹಿಡಿದು ಸಾಲು ನಿಂತಿರುವಾಗ ಅವಳು ಆಫೀಸಿನ ಜಗಲಿಯಲ್ಲಿ ಮಹಾರಾಣಿಯ ಹಾಗೆ ಕಂಬಕ್ಕೊರಗಿ, "ಅವ್ವಾ, ಇವತ್ತು ಎಲ್ಲೈತೆ ಮಂದೆ? ಕೆರೆ ಹಿಂದಿನ ಹೊಲನಾ? ಆತು, ಬರ್ತೀನಿ" ಅನ್ನುತ್ತಿದ್ದಳು. ಅಷ್ಟಕ್ಕೇ ನಿಲ್ಲಿಸಬಾರದೇ? ಮರಿ ಹಾಲು ಕುಡೀತಾ, ನಾಯಿ ಕಾಲು ವಾಸಿ ಆತಾ ಅಂತೆಲ್ಲ ಕೇಳಿ ನಗುತ್ತಿದ್ದಳು. ಆ ನಗು ಕಿವಿಗೆ ಬಿದ್ದರೆ ನಾನು ಬೇಕೆಂದೇ ತಟ್ಟೆ ಬಡಿಯುತ್ತಿದ್ದೆ. ನಡು ಮಧ್ಯಾಹ್ನದಲ್ಲಿ ನನ್ನ ದಾರಿಯನ್ನೂ ಒಬ್ಬರು ಕಾಯುತ್ತಿದ್ದಾರೆ ಅಂತ ಆ ಸಾಲಿನವರಿಗೆಲ್ಲ ತಿಳಿಯಬೇಕು ಅಂತ ನನಗಾಸೆ.

ಒಂದು ದಿನ ತಡೆಯಲಾಗದೆ ಆಫೀಸಿಗೆ ನುಗ್ಗಿದೆ.

"ಮೇಡಂ, ಅವಳಿಗೊಂದು ನ್ಯಾಯ, ನನಗೊಂದು ನ್ಯಾಯಾನಾ? ನಾನೂ ನಮ್ಮವ್ವಂಗೆ ಫೋನ್ ಮಾಡ್ಬೇಕು."

ಬೈಯುತ್ತಾರೆ ಅಂದುಕೊಂಡಿದ್ದೆ. ಅವರು ಬೀರು ತೆಗೆದು ನನ್ನ ಫೋನು ಕೈಗಿಟ್ಟು, "ಮಾಡಮ್ಮ. ಇದೊಂದೇ ಸಲ" ಅಂದರು.

ಅವಳು ಆಗಷ್ಟೇ ಮಾತು ಮುಗಿಸಿ ಜಗಲಿಯಲ್ಲಿ ನಿಂತಿದ್ದಳು. ನಾನೂ ಅಲ್ಲಿಗೇ ಬಂದು ಅವ್ವನಿಗೆ ಕರೆ ಮಾಡಿ, ಅವಳಿಗೂ ಸಾಲಿನವರಿಗೂ ಕೇಳಲಿ ಅಂತ ಸ್ಪೀಕರ್ ಹಾಕಿದೆ. ಅತ್ತ ಕಡೆ ಅವ್ವ ಹೊಲಿಗೆ ಮಷಿನ್ ನಿಲ್ಲಿಸಿದ್ದು ಕೇಳಿಸಿತು.

"ಏನಾತೇ? ಎಲ್ಲಾದ್ರೂ ಬಿದ್ಯೇನು?"

"ಏನಿಲ್ಲವ್ವಾ, ಸುಮ್ನೆ. ಎಲ್ಲಿದೀಯಾ?"

"ಎಲ್ಲಿರ್ತೀನಿ? ಮನೇಲಿ. ದಿನಾ ಕೂರೋ ಜಾಗದಾಗೇ ಕೂತಿದೀನಿ. ಇದನ್ನ ಕೇಳಾಕೆ ಫೋನ್ ಮಾಡಿದ್ಯಾ? ಇಡು, ಬ್ಲೌಸ್ ಕೊಡೋದೈತೆ."

ಸಾಲಿನಲ್ಲಿದ್ದವರೆಲ್ಲ ಗೊಳ್ಳೆಂದು ನಕ್ಕರು. ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. ಅವಳೂ ನಗುತ್ತಿರುತ್ತಾಳೆ ಅಂತ ಸಿಟ್ಟಿನಿಂದ ತಿರುಗಿದೆ. ಅವಳು ನಗುತ್ತಿರಲಿಲ್ಲ.

"ನಿಮ್ಮವ್ವ ದಿನಾ ಅಲ್ಲೇ ಇರ್ತಾರಾ?" ಅಂದಳು.

"ಹೂಂ."

"ಹಂಗಾದ್ರೆ ಯಾರನ್ನೂ ಕೇಳ್ದೇನೇ ಮನೆಗೆ ಹೋಗ್ತೀಯಾ?"

ಆ ದನಿಯಲ್ಲಿದ್ದ ಹೊಟ್ಟೆಕಿಚ್ಚು ನನಗೆ ಹೊಸದಲ್ಲ. ಅದು ನನ್ನ ಕಡೆ ತಿರುಗಿದ್ದು ಮಾತ್ರ ಅವತ್ತೇ ಮೊದಲು.