ಮನೆಗಾಡಿಯ ಹನ್ನೆರಡು ವರ್ಷ

ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಎಲ್ಲರೂ ಅವಳನ್ನು ಇಸ್ತ್ರಿ ಅಕ್ಕ ಎಂದೇ ಕರೆಯುತ್ತಿದ್ದರು. ಬಿಸಿ ಉರುಳೆಯ ಯಂತ್ರಕ್ಕೆ ಒದ್ದೆ ಹಾಸಿಗೆ ಬಟ್ಟೆಗಳನ್ನು ಒಂದರ ಹಿಂದೊಂದು ಉಣಿಸುತ್ತ ಇಪ್ಪತ್ತೆರಡು ವರ್ಷ ನಿಂತಿದ್ದಳು. ಬೆರಳ ತುದಿಗಳು ಎಷ್ಟು ಜಡ್ಡುಗಟ್ಟಿದ್ದವೆಂದರೆ, ಮನೆಯಲ್ಲಿ ಕುದಿಯುವ ಪಾತ್ರೆಯನ್ನು ಬರಿಗೈಯಲ್ಲೇ ಇಳಿಸುತ್ತಿದ್ದಳು.

ಗಂಡ ಲಿಫ್ಟ್ ಮೇಸ್ತ್ರಿ. ಟಾರ್ಚನ್ನು ಹಲ್ಲಲ್ಲಿ ಕಚ್ಚಿಕೊಂಡು, ಗ್ರೀಸು ಮೆತ್ತಿದ ಹಗ್ಗಗಳ ನಡುವೆ ಕತ್ತಲ ಸುರಂಗದೊಳಗೆ ಮೂವತ್ತೊಂದು ವರ್ಷ ಕಳೆದವನು. "ದಿನಕ್ಕೆ ಇಪ್ಪತ್ತು ಸಲ ಮೇಲೆ ಹೋಗ್ತೀನಿ, ಯಾರೂ ಅಳಲ್ಲ" ಎನ್ನುವುದು ಅವನ ಹಳೇ ತಮಾಷೆ. ಮಗಳು ಮದುವೆಯಾಗಿ ಬೇರೆ ಊರು ಸೇರಿದ ಮೇಲೆ, ಎರಡು ಕೋಣೆಯ ಸ್ವಂತ ಮನೆಯಲ್ಲಿ ಉಳಿದವರು ಇವರಿಬ್ಬರೇ.

ನಿವೃತ್ತಿಗೆ ಆರು ತಿಂಗಳಿರುವಾಗ ಅವನಿಗೆ ಮನೆಗಾಡಿಯ ಹುಚ್ಚು ಹಿಡಿಯಿತು. ವ್ಯಾನಿನ ಒಳಗೇ ಎರಡು ಹಾಸಿಗೆ, ಪುಟ್ಟ ಒಲೆ, ಕೈತೊಳೆಯುವ ಬೇಸಿನ್ನು, ಹಿಂಬದಿಗೆ ದೊಡ್ಡ ಕಿಟಕಿ. ಎಲ್ಲಿ ಬೇಕೋ ಅಲ್ಲಿ ನಿಲ್ಲಿಸು, ಎಲ್ಲಿ ಬೇಕೋ ಅಲ್ಲಿ ಮಲಗು. ನೆರೆಯವರು ಮುಸಿಮುಸಿ ನಕ್ಕರು. ಅವಳೂ ಮೊದಲಿಗೆ ಕಿವಿಗೆ ಹಾಕಿಕೊಳ್ಳಲಿಲ್ಲ. ಆದರೆ ಇಷ್ಟು ವರ್ಷದಲ್ಲಿ ಆತ ತನಗಾಗಿ ಬಾಯಿಬಿಟ್ಟು ಕೇಳಿದ್ದು ಇದೊಂದನ್ನೇ ಎಂಬುದು ಅವಳ ಮನಸ್ಸನ್ನು ಕೊರೆಯುತ್ತಿತ್ತು.

ಅವನು ನಿವೃತ್ತನಾದ ಮೇಲೆ ಒಂದು ಭಾನುವಾರ ಮಾರಾಟದ ಮಳಿಗೆಗೆ ಹೋದರು. ಮಳಿಗೆಯ ಹುಡುಗ ಅವರನ್ನು ಗಾಡಿಯೊಳಗೇ ಕೂರಿಸಿ ಚಹಾ ಕೊಟ್ಟ. ಮೇಸ್ತ್ರಿ ಪ್ರತಿ ಬಾಗಿಲಿನ ಕೀಲನ್ನೂ ಬೆರಳಲ್ಲಿ ಆಡಿಸಿ ನೋಡಿದ. ಹುಡುಗ ಗಾಡಿಯ ಬೆಲೆಯ ಮಾತೇ ಎತ್ತಲಿಲ್ಲ. ತಿಂಗಳ ಕಂತು ಇಷ್ಟೇ ಎಂದು ಒಂದು ಚೀಟಿಯಲ್ಲಿ ಬರೆದು ಅದನ್ನೇ ಮತ್ತೆ ಮತ್ತೆ ತೋರಿಸಿದ. ಐದು ವರ್ಷದ ಸಾಲವಾದರೆ ಕಂತು ಭಾರ, ಹನ್ನೆರಡು ವರ್ಷಕ್ಕೆ ಹಾಕಿಸಿದರೆ ಹೂವೆತ್ತಿದ ಹಾಗೆ ಎಂದ.

"ಕೊನೆಗೆ ಒಟ್ಟು ಎಷ್ಟು ಕಟ್ಟಿರ್ತೀವಪ್ಪ?" ಎಂದು ಅವಳು ಕೇಳಿದಳು.

ಹುಡುಗ ಯಂತ್ರದಲ್ಲಿ ಲೆಕ್ಕ ಒತ್ತಿ, ಅದನ್ನು ಮೇಸ್ತ್ರಿಯ ಕಡೆ ತಿರುಗಿಸಿದ. ಅವನು ನೋಡಿ ತಲೆಯಾಡಿಸಿದ. ಅವಳಿಗೆ ತೋರಿಸಲಿಲ್ಲ.

ಮುಂಗಡಕ್ಕೆ ನಿವೃತ್ತಿಯ ಹಣದಲ್ಲಿ ಮುಕ್ಕಾಲು ಪಾಲು ಹೋಯಿತು. ವಯಸ್ಸಾದವನೊಬ್ಬನ ಹೆಸರಿಗೇ ಸಾಲ ಕೊಡುವುದಿಲ್ಲ ಎಂದಿದ್ದರಿಂದ ಅವಳೂ ಜೊತೆ ಸಾಲಗಾರಳಾಗಿ ರುಜು ಹಾಕಿದಳು. ಕೊನೆಗೆ ಸಾಲದ ವಿಮೆಯ ಅರ್ಜಿ ಬಂತು. ಸಾಲಗಾರ ತೀರಿಕೊಂಡರೆ ಉಳಿದ ಕಂತನ್ನೆಲ್ಲ ವಿಮೆಯವರೇ ಕಟ್ಟುತ್ತಾರೆ. ಹೃದಯದ ಕಾಯಿಲೆಗೆ ಔಷಧಿ ತೆಗೆದುಕೊಳ್ಳುತ್ತಿದ್ದೀರಾ ಎಂಬ ಪ್ರಶ್ನೆಯ ಮುಂದೆ ಮೇಸ್ತ್ರಿಯ ಪೆನ್ನು ಒಂದು ಗಳಿಗೆ ನಿಂತಿತು. ಎರಡು ವರ್ಷದಿಂದ ದಿನಾ ಬೆಳಿಗ್ಗೆ ಅವನ ಅಂಗೈಗೆ ಮಾತ್ರೆ ಹಾಕುತ್ತಿದ್ದವಳು ಅವಳೇ. ಅವನು ಅವಳ ಮುಖ ನೋಡಿದ. ಅವಳು ಚಹಾದ ಲೋಟ ನೋಡಿದಳು. ಅವನು ಇಲ್ಲ ಎಂದು ಗುರುತು ಹಾಕಿದ.

ಅವರು ಸುತ್ತಿದ್ದು ಒಂದೇ ಸಲ, ಹನ್ನೊಂದು ದಿನ. ಅದಾಗಿ ಐದು ವಾರಕ್ಕೆ, ಬೆಳಿಗ್ಗೆ ಬಾಗಿಲ ಬಳಿ ಕೂತು ಬೂಟಿನ ದಾರ ಕಟ್ಟುತ್ತಿದ್ದವನು ಹಾಗೇ ಮುಂದಕ್ಕೆ ಬಾಗಿ ಮೇಲೇಳಲೇ ಇಲ್ಲ. ಕಟ್ಟಿದ್ದು ನಾಲ್ಕು ಕಂತು. ಉಳಿದಿದ್ದು ನೂರ ನಲವತ್ತು.

ವಿಮೆಯವರ ಕಡೆಯಿಂದ ವಿಚಾರಣೆಗೆ ಒಬ್ಬರು ಬಂದರು. ಮೆತ್ತಗಿನ ದನಿಯ, ನಡುವಯಸ್ಸಿನ ಹೆಂಗಸು. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದು, ನೀರು ಕೇಳಿ ಕುಡಿದು, ಯಜಮಾನರು ಏನಾದರೂ ಮಾತ್ರೆ ತೆಗೆದುಕೊಳ್ಳುತ್ತಿದ್ದರೇ ಎಂದು ವಿಚಾರಿಸಿದರು.

"ಇಲ್ಲಮ್ಮ. ನೆಗಡಿ ಬಂದ್ರೂ ಮಾತ್ರೆ ನುಂಗ್ತಿರಲಿಲ್ಲ" ಎಂದಳು.

ಆಕೆ ಚೀಲದಿಂದ ಔಷಧಿ ಅಂಗಡಿಯ ಬಿಲ್ಲುಗಳನ್ನು ತೆಗೆದು ಮೇಜಿನ ಮೇಲಿಟ್ಟರು. ಎಲ್ಲದರ ಕೆಳಗೂ ಪಡೆದವರ ರುಜು ಇಸ್ತ್ರಿ ಅಕ್ಕನದೇ. ಅವಳಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಬಂದಾಕೆ ಗದರಲಿಲ್ಲ. ನೀರಿನ ಲೋಟವನ್ನು ತಾವೇ ಒಳಗಿಟ್ಟು ಬಂದು, "ನಾನು ಬರೀಲೇಬೇಕು ತಾಯಿ" ಎಂದಷ್ಟೇ ಹೇಳಿ ಹೊರಟರು. ಹದಿನೈದು ದಿನಕ್ಕೆ ವಿಮೆ ಇಲ್ಲವೆಂಬ ಕಾಗದ ಬಂತು.

ಗಾಡಿ ಮಾರಿಬಿಡೋಣವೆಂದು ಅದೇ ಮಳಿಗೆಗೆ ಹೋದಳು. ಅದೇ ಹುಡುಗ, ಆದರೆ ಈ ಸಲ ಕೌಂಟರಿನ ಆಚೆಯಿಂದಲೇ ಮಾತಾಡಿದ. ಇಂಥ ಗಾಡಿ ಗೇಟು ದಾಟಿದ ದಿನವೇ ಬೆಲೆಯಲ್ಲಿ ಕಾಲು ಭಾಗ ಕಳೆದುಕೊಳ್ಳುತ್ತದಂತೆ. ಅವನು ಹೇಳಿದ ಬೆಲೆಗೆ ಕೊಟ್ಟರೂ ಸಾಲದಲ್ಲಿ ಮೂರನೇ ಒಂದು ಪಾಲು ಹಾಗೇ ಉಳಿಯುತ್ತಿತ್ತು. ಗಾಡಿಯೂ ಇಲ್ಲದೆ ಗಾಡಿಯ ಸಾಲ ತೀರಿಸುವುದು ಯಾವ ಕರ್ಮ ಎಂದುಕೊಂಡು ವಾಪಸು ಬಂದಳು.

ಅವಳ ಸಂಬಳದಲ್ಲಿ ಕಂತು ಕಟ್ಟಿದರೆ ಹೊಟ್ಟೆಗಿಲ್ಲ, ಹೊಟ್ಟೆಗೆ ತಿಂದರೆ ಕಂತಿಗಿಲ್ಲ. ಎರಡು ತಿಂಗಳು ತಡವರಿಸಿ, ಕೊನೆಗೆ ಮನೆಯನ್ನು ಬಾಡಿಗೆಗೆ ಕೊಟ್ಟಳು. ಬಾಡಿಗೆ ಬಂದದ್ದು ಬಂದ ಹಾಗೇ ಕಂತಿಗೆ ಹೋಯಿತು. ಅವಳು ಗಾಡಿಗೆ ಬಿಡಾರ ಬದಲಿಸಿದಳು. ಅವಳಿಗೆ ಗಾಡಿ ಓಡಿಸಲು ಬರುತ್ತಿರಲಿಲ್ಲ. ಆಸ್ಪತ್ರೆಯ ಆಂಬುಲೆನ್ಸ್ ಡ್ರೈವರು ಅದನ್ನು ತಂದು, ಬಟ್ಟೆ ಒಗೆಯುವ ವಿಭಾಗದ ಹಿಂದೆ, ಬಾಯ್ಲರಿನ ಗೋಡೆಗೆ ಒತ್ತಿ ನಿಲ್ಲಿಸಿಕೊಟ್ಟ. ಮೇಲ್ವಿಚಾರಕ ಕಂಡೂ ಕಾಣದ ಹಾಗಿದ್ದ.

ಹಿಂಬದಿಯ ಆ ದೊಡ್ಡ ಕಿಟಕಿಯಿಂದ ಈಗ ಕಾಣುತ್ತಿದ್ದದ್ದು ಕೊಳೆ ಬಟ್ಟೆಯ ತಳ್ಳುಗಾಡಿಗಳ ಸಾಲು. ಬೇಸಿಗೆಯಲ್ಲಿ ತಗಡು ಕಾದು ಒಳಗೆ ಕಾಲಿಡಲಾಗುತ್ತಿರಲಿಲ್ಲ. ಚಳಿಗಾಲದಲ್ಲಿ ಅವಳ ಉಸಿರೇ ಚಾವಣಿಯಲ್ಲಿ ನೀರಾಗಿ ತೊಟ್ಟಿಕ್ಕಿ ಹೊದಿಕೆ ಒದ್ದೆಯಾಗುತ್ತಿತ್ತು. ಕಕ್ಕಸಿಗೆ ವಾರ್ಡಿನ ಮೂಲೆಗೆ ನಡೆಯಬೇಕು. ಮಗಳು ಫೋನು ಮಾಡಿದಾಗಲೆಲ್ಲ ಮನೆಯಲ್ಲೇ ಇದ್ದೀನಿ ಎನ್ನುತ್ತಿದ್ದಳು. ಒಂದು ರೀತಿಯಲ್ಲಿ ಅದು ಸುಳ್ಳೂ ಅಲ್ಲ ಎಂದು ಜೊತೆಯ ಕೆಲಸದವರ ಹತ್ತಿರ ನಗಾಡುತ್ತಿದ್ದಳು. ಅವರು ನಗುತ್ತಿರಲಿಲ್ಲ.

ಹೀಗೆ ಹದಿನಾಲ್ಕು ತಿಂಗಳು. ಆಮೇಲೆ ಆಸ್ಪತ್ರೆಗೆ ಹೊಸ ಆಡಳಿತಾಧಿಕಾರಿ ಬಂದು, ಅಂಗಳದಲ್ಲಿ ಯಾರೂ ವಾಸ ಇರಕೂಡದೆಂದು ಒಂದು ವಾರದ ಗಡುವು ಕೊಟ್ಟ. ಅದೇ ವಾರ ಮಗಳು ಹೇಳದೆ ಕೇಳದೆ ಬಂದಳು. ಬಾಡಿಗೆಯವರು ಬಾಗಿಲು ತೆರೆದು ವಿಷಯ ಹೇಳಿದ್ದರು. ಗಾಡಿಯ ಮೆಟ್ಟಿಲ ಮೇಲೆ ಕೂತು, ಚೀಲವನ್ನು ತೊಡೆಯಿಂದ ಇಳಿಸದೆ ಬಹಳ ಹೊತ್ತು ಅತ್ತಳು.

"ಬಿಟ್ಟುಬಿಡಮ್ಮ ಇದನ್ನ. ಸಾಲದವ್ರೇ ಎಳ್ಕೊಂಡು ಹೋಗ್ಲಿ."

ಇಸ್ತ್ರಿ ಅಕ್ಕ ಹೂಂ ಎಂದಳು. ವಾದ ಮಾಡುವ ತ್ರಾಣ ಇರಲಿಲ್ಲ.

ಇಬ್ಬರೂ ಸೇರಿ ಸಾಮಾನು ಕಟ್ಟಿದರು. ಅಪ್ಪನ ಸ್ವೆಟರನ್ನು ಮಡಿಸುತ್ತ ಮಗಳು, ಆ ಹನ್ನೊಂದು ದಿನ ಅಪ್ಪ ಖುಷಿಯಾಗಿದ್ದರೇ ಎಂದು ಕೇಳಿದಳು. ತಾಯಿ ಕೈಲಿದ್ದ ಪಾತ್ರೆಯನ್ನು ಕೆಳಗಿಟ್ಟಳು.

"ಒಂಬತ್ತನೇ ದಿನ ಒಂದು ಏರಿನಲ್ಲಿ ಗಾಡಿ ನಿಲ್ಲಿಸಿಬಿಟ್ರು. ಉಸಿರು ಸಿಗ್ತಿರಲಿಲ್ಲ. ಮುಖ ಬೂದಿ ಥರ ಆಗಿತ್ತು. ಡಾಕ್ಟರ ಹತ್ರ ಹೋಗೋಣ ಅಂದೆ. ಹೋದ್ರೆ ಎಲ್ಲ ಕಾಗದದಲ್ಲಿ ಬರುತ್ತೆ, ವಿಮೆ ಹೋಗುತ್ತೆ, ಒಂದು ವರ್ಷ ಕಳೀಲಿ ಅಂದ್ರು. ನಾನು ಆಯ್ತು ಅಂದೆ."

"ವಾಪಸ್ ಬಂದ ಮೇಲೂ ತೋರಿಸಲಿಲ್ವಾ?"

"ಇಲ್ಲ."

ಮಗಳು ಸ್ವೆಟರನ್ನು ಬಿಚ್ಚಿ ಮತ್ತೆ ಮಡಿಸಿದಳು. ಸಂಜೆಯ ಬಸ್ಸಿಗೆ ಮಗಳು ಹೊರಟಾಗ ತಾಯಿ ಗೇಟಿನವರೆಗೂ ಹೋದಳು. ಮಗಳು ತಿರುಗಿ ನೋಡಲಿಲ್ಲ.

ಸಾಲದವರು ಬಂದು ಗಾಡಿ ಎಳೆದುಕೊಂಡು ಹೋದರು. ಹರಾಜಿನಲ್ಲಿ ಮಳಿಗೆಯ ಹುಡುಗ ಹೇಳಿದ್ದ ಬೆಲೆಯೂ ಹುಟ್ಟಲಿಲ್ಲ. ಮಿಕ್ಕ ಸಾಲಕ್ಕೆ ಆರು ವರ್ಷದ ಹೊಸ ಕಂತು ಗೊತ್ತುಮಾಡಿದರು. ಬಾಡಿಗೆಯವರನ್ನು ಕೇಳಿಕೊಂಡು, ತನ್ನದೇ ಮನೆಯ ಹಿಂದಿನ ಕೋಣೆಯಲ್ಲಿ ಅವಳು ಇರತೊಡಗಿದಳು. ಅಡುಗೆಗೆ ಅವರದು ಮುಗಿದ ಮೇಲೆ ಒಲೆ ಸಿಗುತ್ತಿತ್ತು.

ಮೂರು ತಿಂಗಳ ಮೇಲೆ ಮಗಳು ಫೋನು ಮಾಡಿದಳು. ಊಟ ಆಯಿತೇ, ಕೈಕಾಲು ನೋವು ಹೇಗಿದೆ ಎಂದು ವಿಚಾರಿಸಿದಳು. ಈಗ ಪ್ರತಿ ಭಾನುವಾರ ಮಾಡುತ್ತಾಳೆ. ಅಪ್ಪನ ಹೆಸರು ಇಬ್ಬರೂ ಎತ್ತುವುದಿಲ್ಲ. ನಿವೃತ್ತಿಯ ವಯಸ್ಸು ದಾಟಿದ ಮೇಲೂ ಕೆಲಸದಲ್ಲಿ ಇರಿಸಿಕೊಳ್ಳಿ ಎಂದು ಇಸ್ತ್ರಿ ಅಕ್ಕ ಅರ್ಜಿ ಹಾಕಿದ್ದಾಳೆ. ಆಸ್ಪತ್ರೆಯವರು ಸದ್ಯಕ್ಕೆ ಒಂದು ವರ್ಷ ಎಂದಿದ್ದಾರೆ.