ಬಲಕ್ಕೆ ಬಿದ್ದ ಹೂವು

ಕ್ಷಮೆಯ ಬಗ್ಗೆ ಪಾಠ ಮಾಡುವುದೆಂದರೆ ನನಗೆ ಬಲು ಇಷ್ಟ. ಕ್ಷಮೆ ಕೇಳುವುದು ಮಾತ್ರ ಅಷ್ಟಾಗಿ ಒಗ್ಗಿಲ್ಲ. ಮೂವತ್ತು ವರ್ಷ ಶಾಲೆಯಲ್ಲಿ ಮಕ್ಕಳಿಂದ ತಪ್ಪೊಪ್ಪಿಸಿದ ಅಕ್ಕೋರು ನಾನು. ಆ ಕೆಲಸದಲ್ಲಿ ಪಳಗಿದವರಿಗೆ ತಮ್ಮ ತಪ್ಪು ಸ್ವಲ್ಪ ಮಸುಕಾಗಿಯೇ ಕಾಣುತ್ತದೆ. ನಿವೃತ್ತಿಯಾದ ಮೇಲೂ ಚಟ ಬಿಡದೆ, ನಮ್ಮೂರು ಅವರ್ಸಾದ ದೇವಸ್ಥಾನದ ಜಗಲಿಯಲ್ಲಿ ಭಾನುವಾರ ಬೆಳಿಗ್ಗೆ ಮಕ್ಕಳಿಗೆ ದೇವರು, ದಯೆ, ಕ್ಷಮೆ ಎಂದು ಹೇಳಿಕೊಡುತ್ತೇನೆ. ಅವರನ್ನು ಕರೆತಂದ ತಾಯಂದಿರೂ ಅಜ್ಜಿಯರೂ ಕಂಬಕ್ಕೊರಗಿ ಕೇಳುತ್ತಾರೆ. ಅವರು ತಲೆದೂಗಿದಷ್ಟೂ ನನ್ನ ಪಾಠ ಉದ್ದವಾಗುತ್ತದೆ.

ನಮ್ಮ ಪೂಜೆಯ ಕ್ರಮ ಹಾಕಿಕೊಟ್ಟವರು ಜಾಣರು. ಎಷ್ಟೇ ಅಚ್ಚುಕಟ್ಟಾಗಿ ಪೂಜೆ ಮಾಡಿದರೂ ಕೊನೆಗೆ, ಏನಾದರೂ ತಪ್ಪಿದ್ದರೆ ಕ್ಷಮಿಸು ಎಂದು ಕೇಳಿಯೇ ಏಳಬೇಕು. ತಪ್ಪು ಆಗಿಯೇ ಆಗುತ್ತದೆಂದು ಅವರಿಗೆ ಮೊದಲೇ ಗೊತ್ತಿತ್ತು. ಇನ್ನು ನಮ್ಮ ಕಡೆ ಪ್ರಸಾದ ಕೇಳುವ ಪದ್ಧತಿಯೂ ಉಂಟು. ದೇವರ ಮೂರ್ತಿಗೆ ಒದ್ದೆ ಹೂವನ್ನು ಅಂಟಿಸಿ ಮನಸ್ಸಿನಲ್ಲಿದ್ದದ್ದನ್ನು ಕೇಳಬೇಕು. ಬಲಕ್ಕೆ ಬಿದ್ದರೆ ಒಪ್ಪಿಗೆ, ಎಡಕ್ಕೆ ಬಿದ್ದರೆ ಇಲ್ಲ. ಜನ ಮದುವೆಗೆ, ಮನೆಗೆ, ಬಾವಿಗೆ ಪ್ರಸಾದ ಕೇಳುತ್ತಾರೆ. ನಾನು ಕೇಳಿದ್ದು ಬಂಗಡೆ ಮೀನಿನ ವಿಷಯಕ್ಕೆ.

ಬೇಲೆಕೇರಿಯ ನಾಗವೇಣಿ ನಮ್ಮ ಬಸ್‌ಸ್ಟಾಪಿನ ಹತ್ತಿರ ಬುಟ್ಟಿ ಇಟ್ಟು ಮೀನು ಮಾರುವವಳು. ಎರಡು ವರ್ಷದ ಹಿಂದೆ ಅವಳಿಂದ ಕೊಂಡ ಬಂಗಡೆ ಮಧ್ಯಾಹ್ನಕ್ಕೆ ನಾರಿತು. ನಾನು ಹೋಗಿ ಹತ್ತು ಗಿರಾಕಿಗಳ ಎದುರು, ಕೆಟ್ಟ ಮೀನು ಮಾರುತ್ತೀಯಲ್ಲ ಎಂದು ದಬಾಯಿಸಿದೆ. ನಿಂತವರೆಲ್ಲ ಮೆಲ್ಲನೆ ಚದುರಿದರು. ಮನೆಗೆ ಬಂದು ಕೂತಾಗ ನೆನಪಾಯಿತು: ಗೆಳತಿಯ ಮನೆಯಲ್ಲಿ ಹರಟೆ ಮುಗಿಯುವ ತನಕ ಆ ಮೀನು ಬಿಸಿಲಲ್ಲಿ ನಿಲ್ಲಿಸಿದ ನನ್ನ ಸ್ಕೂಟರಿನ ಡಿಕ್ಕಿಯಲ್ಲೇ ಇತ್ತು.

ನಾಚಿಕೆಯಾಯಿತು. ಆದರೆ ಅವಳ ಬಳಿ ಹೋಗುವ ಬದಲು ದೇವರ ಬಳಿ ಹೋದೆ. ದೇವಸ್ಥಾನ ಬಸ್‌ಸ್ಟಾಪಿಗಿಂತ ಹತ್ತಿರ ಎಂಬುದು ನನ್ನ ಸಮಜಾಯಿಷಿ. ಕ್ಷಮಿಸಿದ್ದೀಯಾ ಎಂದು ಪ್ರಸಾದ ಕೇಳಿಸಿದೆ. ಹೂವು ಥಟ್ಟನೆ ಬಲಕ್ಕೆ ಬಿತ್ತು. ಮನಸ್ಸು ಹಗುರಾಯಿತು. ನಾಗವೇಣಿ ಮಾತ್ರ ನನ್ನನ್ನು ಕಂಡರೆ ಮುಖ ತಿರುಗಿಸುತ್ತಲೇ ಇದ್ದಳು. ದೇವರೇ ಕ್ಷಮಿಸಿದ ಮೇಲೆ ಇವಳದ್ದೇನು ಎಂದು ನಾನೂ ಬಿಗಿದುಕೊಂಡೇ ಇದ್ದೆ.

ಮೊನ್ನೆ ಭಾನುವಾರ, ದೇವರ ದಯೆ ಎಷ್ಟು ದೊಡ್ಡದೆಂದು ತಿಳಿಸಲು, ಯಾರ ಹೆಸರನ್ನೂ ಹೇಳದೆ ಇದೇ ಕಥೆಯನ್ನು ಮಕ್ಕಳಿಗೆ ಹೇಳಿದೆ. ಅಜ್ಜಿಯರು ಕೈಮುಗಿದರು. ಮುಂದಿನ ಸಾಲಿನಲ್ಲಿ ಕೂತ ಒಂಬತ್ತು ವರ್ಷದ ಶ್ರೇಯಾ ಎದ್ದು ನಿಂತಳು. ಅವಳು ನಾಗವೇಣಿಯ ಮೊಮ್ಮಗಳು.

"ಹೂ ಬಿದ್ದದ್ದು ದೇವರ ಮೈಮೇಲಿಂದ ಅಲ್ವಾ ಅಕ್ಕೋರೆ? ನಮ್ಮಜ್ಜಿ ಹತ್ರ ಯಾರೂ ಕೇಳೂಕೇ ಬರ್ಲಿಲ್ಲ."

ನನಗೆ ಮೊದಲು ಸಿಟ್ಟು ಬಂತು, ಸುಳ್ಳೇಕೆ ಹೇಳಲಿ. ಆಮೇಲೆ ಎದೆ ತುಂಬಿ ಬಂದದ್ದು ಹೆಮ್ಮೆ. ಮೂವತ್ತು ವರ್ಷ ಮಕ್ಕಳು ನಾನು ಹೇಳಿದ್ದನ್ನೇ ನನಗೆ ತಿರುಗಿ ಒಪ್ಪಿಸಿದ್ದರು. ಈ ಹುಡುಗಿ ಪಾಠವನ್ನು ನನಗಿಂತ ಚೆನ್ನಾಗಿ ತಿಳಿದುಕೊಂಡು, ಎಲ್ಲರೆದುರು ಹೆದರದೆ ಹೇಳಿದ್ದಳು. ಅವಳನ್ನು ಕೂರಿಸಿ, ನೀನು ಹೇಳಿದ್ದೇ ಸರಿ ಎಂದೆ.

ಪಾಠ ಮುಗಿಸಿ ನೆಟ್ಟಗೆ ಬಸ್‌ಸ್ಟಾಪಿಗೆ ಹೋದೆ. ಬೈದದ್ದು ಹತ್ತು ಜನರೆದುರು. ಕ್ಷಮೆ ಕೇಳುವುದೂ ಹಾಗೆಯೇ ಆಗಬೇಕಲ್ಲ. ಗಿರಾಕಿಗಳು ಸೇರುವ ತನಕ ಕಾದು ನಿಂತೆ.

"ತಪ್ಪು ನಂದು ನಾಗವೇಣಿ. ಮೀನು ಕೆಟ್ಟದ್ದು ನನ್ನ ಸ್ಕೂಟರಲ್ಲಿ, ನಿನ್ನ ಬುಟ್ಟೀಲಿ ಅಲ್ಲ."

ಅವಳು ತಲೆಯೆತ್ತದೆ ಮೀನಿಗೆ ನೀರು ಚಿಮುಕಿಸುತ್ತಲೇ ಇದ್ದಳು. ಹಾಗೆಯೇ, ನಮ್ಮ ಹುಡುಗಿ ಕಲಿಸಿ ಕಳಿಸಿದಳೋ ಎಂದು ಕೇಳಿದಳು. ಹೌದು, ನನ್ನ ಶಿಷ್ಯೆ ಎಂದೆ, ಸುತ್ತ ನಿಂತವರಿಗೆಲ್ಲ ಕೇಳುವಂತೆ. ನಾಗವೇಣಿಯ ತುಟಿಯಂಚಿನಲ್ಲಿ ನಗು ಮೂಡಿತು. ಒಂದು ಬಂಗಡೆ ಎತ್ತಿ ನನ್ನ ಮೂಗಿನ ಮುಂದೆ ಹಿಡಿದಳು.

"ಮೂಸಿ ನೋಡಿ ತಕಣಿ ಅಕ್ಕೋರೆ."

ನಾನು ಮೂಸಲಿಲ್ಲ. ದೇವಸ್ಥಾನದಲ್ಲಿ ಪ್ರಸಾದಕ್ಕೆ ಒಡ್ಡುವ ಹಾಗೆ ಬಲಗೈ ಒಡ್ಡಿದೆ.